ಸಾರುವೆಯಿಂದ ಬುಟ್ಟಿ ಲಿಫ್ಟಿನವರೆಗೆ

ಸಾರುವೆ ಅಂದ್ರೆ ಈಗಿನ ಹುಡುಗರು ಮುಖ ಮುಖ ನೋಡ್ತಾರೆ. ಗೋಡೆ ಎಬ್ಬಿಸುವಾಗ, ಸುಣ್ಣ ಬಳಿಯುವಾಗ ನಿಲ್ಲೋಕೆ ಕಟ್ಟೋ ಅಟ್ಟಣೆ ಅದು. ಸರ್ವೆ ಕಂಬ ನಿಲ್ಲಿಸಿ, ಅಡ್ಡ ಕಟ್ಟಿ, ನಾರಿನ ಹಗ್ಗದಲ್ಲಿ ಬಿಗಿದು, ಮೇಲೊಂದು ಹಲಗೆ ಹಾಕಿದ್ರೆ ಆಯ್ತು. ನಮ್ಮ ಜಯನಗರದ ಹಳೇ ಮನೆಗಳೆಲ್ಲ ಎದ್ದಿದ್ದು ಇಂಥ ಹಲಗೆ ಮೇಲೆ ನಿಂತವರ ಕೈಯಿಂದ.

ಜಯನಗರಕ್ಕೆ ರಾಜಾಜಿಯವರು ಅಡಿಗಲ್ಲು ಹಾಕಿದ್ದು 1948ರಲ್ಲಿ. ಕಾರ್ಖಾನೆ ಕಾಯ್ದೆ ಬಂದಿದ್ದೂ ಅದೇ ವರ್ಷ. ಆದ್ರೆ ಅದು ಕಾರ್ಖಾನೆಯೊಳಗಿನವರಿಗೆ. ಬೀದಿಯಲ್ಲಿ ಗಾರೆ ಕೆಲಸ ಮಾಡೋರಿಗೆ ಅಂತಲೇ ಒಂದು ಕೇಂದ್ರ ಕಾಯ್ದೆ ಬರೋಕೆ 1996 ಆಗಬೇಕಾಯ್ತು. ಕರ್ನಾಟಕ ಅದಕ್ಕೆ ನಿಯಮ ಮಾಡಿದ್ದು 2006ರಲ್ಲಿ. ಅದೂ ಹತ್ತು ಜನ ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆಗೆ ಮಾತ್ರ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ ಈ ಹತ್ತರ ಲೆಕ್ಕ ಹಾಗೇ ಇದೆ. ನಮ್ಮ ಮನೆಗೆ ಪೇಂಟ್ ಮಾಡೋಕೆ ಬರೋರು ನಾಲ್ಕು ಜನ. ಲೆಕ್ಕ ನೀವೇ ಹಾಕಿ.

ಇನ್ನು ಯಂತ್ರದ ಕಥೆ. ಬುಟ್ಟಿಯಲ್ಲಿ ಮನುಷ್ಯನನ್ನ ನಿಲ್ಲಿಸಿ ಮೇಲೆತ್ತೋ ಯೋಚನೆ 1940ರ ದಶಕದಲ್ಲಿ ಜೇ ಐಟೆಲ್ ಎಂಬ ಅಮೆರಿಕನ್ನನಿಗೆ ಹೊಳೆದಿದ್ದು ಕ್ಯಾಲಿಫೋರ್ನಿಯಾದಲ್ಲಿ ಚೆರ್ರಿ ಹಣ್ಣು ಕೀಳ್ತಾ ಏಣಿ ಹತ್ತಿಳಿದು ಸಾಕಾದಾಗ! 'ಚೆರ್ರಿ ಪಿಕರ್' ಅನ್ನೋ ಹೆಸರು ಅದಕ್ಕೇ ಬಂತು. ಕಟ್ಟಡದ ಕೆಲಸದ ಬೂಮ್ ಲಿಫ್ಟ್ ಬಂದಿದ್ದು 1970ರಲ್ಲಿ, ಜಾನ್ ಗ್ರೋವ್ ಅವರ ಜೆಎಲ್‌ಜಿ ಕಂಪನಿಯಿಂದ.

ನಮ್ಮ ಕಡೆ ಎತ್ತರದ ಕೆಲಸಕ್ಕೇನು ಬರ? ಬನಶಂಕರಿ, ಜೆ.ಪಿ. ನಗರದ ಮೇಲೆ 2017ರಲ್ಲಿ ಮೆಟ್ರೋ ಓಡಿತು, ಬಿಟಿಎಂ ಮೇಲೆ 2025ರಲ್ಲಿ. ಮರದ ಕೊಂಬೆ, ಬೀದಿದೀಪ ಅಂತ ಬುಟ್ಟಿ ಗಾಡಿಗಳು ನಮ್ಮ ಅಡ್ಡರಸ್ತೆಗೂ ಬರ್ತವೆ. ಅಪಾಯವೂ ಇರೋದು ಇಲ್ಲೇ. ನಮ್ಮ ಫುಟ್‌ಪಾತ್ ಅಂದ್ರೆ ಚರಂಡಿ ಮೇಲೆ ಹಾಸಿದ ಚಪ್ಪಡಿ. ಗಾಡಿಯ ಊರುಗಾಲುಗಳ ಮಧ್ಯೆ ಎರಡು ಮೀಟರ್ ಅಂತರ ಇದೆ ಅನ್ಕೊಳ್ಳಿ. ಒಂದು ಕಡೆ ಬರೀ ಐದು ಸೆಂಟಿಮೀಟರ್ ಕುಸಿದರೂ ಹದಿನೈದು ಮೀಟರ್ ಮೇಲಿನ ಬುಟ್ಟಿ ಒಂದಡಿಗೂ ಹೆಚ್ಚು ಪಕ್ಕಕ್ಕೆ ವಾಲುತ್ತೆ. ಆ ಜೋಲಿಗೆ ಮನುಷ್ಯ ಕವಣೆ ಕಲ್ಲಿನ ಹಾಗೆ ಹೊರಗೆ ಹಾರಬಹುದು. ಸೊಂಟದಷ್ಟೆತ್ತರದ ಕಂಬಿ ಆಗ ಸಾಲೋದಿಲ್ಲ. ಹಾಗಾಗಿ ಮೈಗೆ ಕಟ್ಟಿದ ಬೆಲ್ಟಿನ ಕೊಕ್ಕೆ ಬುಟ್ಟಿಯಲ್ಲೇ ಅದಕ್ಕಂತ ಇರೋ ಬಳೆಗೆ ಸಿಕ್ಕಿಸಬೇಕು. ಪಕ್ಕದ ಮರಕ್ಕೋ ಕಂಬಕ್ಕೋ ಸಿಕ್ಕಿಸಿದರೆ, ಬುಟ್ಟಿ ಸರಿದಾಗ ಬೆಲ್ಟೇ ಅವನನ್ನ ಎಳೆದು ಬೀಳಿಸುತ್ತೆ.

ಇನ್ನೊಂದು ವೈರು. ಸಾಮಾನ್ಯ ಬೂಮ್ ಲಿಫ್ಟಿನ ಉಕ್ಕಿನ ತೋಳು ಕರೆಂಟು ತಡೆಯಲ್ಲ. ಲೈನ್ ಆಫ್ ಮಾಡಿಸದೆ ಹತ್ತಿರ ಹೋಗೋದೇ ತಪ್ಪು.

ಕೊನೆಗೆ, ಕೆಳಗೆ ನಿಂತವನು. ಗಾಡಿಯ ಬುಡದಲ್ಲೂ ಬುಟ್ಟಿ ಇಳಿಸೋ ವ್ಯವಸ್ಥೆ ಇರುತ್ತೆ. ಮೇಲಿನವನು ಪ್ರಜ್ಞೆ ತಪ್ಪಿದರೆ ಜೀವ ಉಳಿಯೋದು ಅದರಿಂದಲೇ. ಆದ್ರೆ ಎಷ್ಟೋ ಕಡೆ ಕೆಳಗಿರೋನು ಟ್ರಾಫಿಕ್ ತಡೆಯೋಕೆ ನಿಲ್ಲಿಸಿದ ಹುಡುಗ!

ಮೇಸ್ತ್ರಿಗಳು ಹಲಗೆ ಹತ್ತೋ ಮುಂಚೆ ಸಾರುವೆನ ಒಮ್ಮೆ ಅಲ್ಲಾಡಿಸಿ ನೋಡ್ತಿದ್ರು. ಯಂತ್ರ ಬಂದರೂ ಆ ಕೆಲಸ ತಪ್ಪಿಲ್ಲ. ಮುಂದಿನ ಸಲ ನಿಮ್ಮ ಮನೆ ಗೋಡೆಗೆ ಯಾರಾದ್ರೂ ಹತ್ತೋಕೆ ಬಂದಾಗ ರೇಟು ಕೇಳೋ ಮುಂಚೆ ಬೆಲ್ಟ್ ತಂದಿದ್ದೀರಾ ಅಂತ ಕೇಳಿ. ಹತ್ತು ಜನ ಇಲ್ಲದ ಕಡೆ ಕೇಳೋರು ನಾವೇ.