ಸಬ್‌ನೆಟ್ ಮಾಸ್ಕ್‌ನ ಚರಿತ್ರೆ ಮತ್ತು ಮರಳಿ ಬಾರದ ಉತ್ತರ

ಲ್ಯಾಬಿನಲ್ಲಿ ಎರಡು ಸಬ್‌ನೆಟ್, ನಡುವೆ ಒಂದು ರೌಟರ್. ಪಿಂಗ್ ಮಾಡಿದ್ರೆ ಉತ್ತರವೇ ಇಲ್ಲ. ಈ ತೊಂದರೆಗೂ ಒಂದು ಚರಿತ್ರೆ ಇದೆ. ಅದು ಗೊತ್ತಿದ್ದರೆ ದೋಷವನ್ನು ಎಲ್ಲಿ ಹುಡುಕಬೇಕು ಅನ್ನೋದೂ ತಿಳಿಯುತ್ತದೆ. ಇವತ್ತಿನ ನನ್ನ ಮಾತು ಇಷ್ಟೇ.

1981ರ ಐಪಿ ನಿಯಮದಲ್ಲಿ 32 ಬಿಟ್ ವಿಳಾಸಕ್ಕೆ ಎರಡೇ ಭಾಗ: ನೆಟ್‌ವರ್ಕ್ ಮತ್ತು ಯಂತ್ರ. ಗಡಿ ಎಲ್ಲಿದೆ ಅಂತ ವಿಳಾಸದ ಮೊದಲ ಬಿಟ್‌ಗಳೇ ಹೇಳುತ್ತಿದ್ದವು. ಆದರೆ ಒಂದೇ ಕ್ಯಾಂಪಸ್ಸಿನಲ್ಲಿ ಹಲವು ಈಥರ್‌ನೆಟ್‌ಗಳು ಬಂದಾಗ ಒಂದೊಂದಕ್ಕೂ ಬೇರೆ ನೆಟ್‌ವರ್ಕ್ ಸಂಖ್ಯೆ ಕೊಟ್ಟರೆ ಹೊರಗಿನ ರೌಟರ್‌ಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. 1984ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೆಫ್ರಿ ಮೊಗುಲ್ ಆರ್‌ಎಫ್‌ಸಿ 917ರಲ್ಲಿ ಒಂದು ದಾರಿ ಸೂಚಿಸಿದರು. ಮನೆಯೊಳಗೆ ಬೇಕಾದ ಹಾಗೆ ಪಾಲು ಮಾಡಿಕೊಳ್ಳಿ, ಹೊರಗಿನವರಿಗೆ ಒಂದೇ ಮನೆಯಾಗಿ ಕಾಣಲಿ, ಅಂದ ಹಾಗೆ. 1985ರಲ್ಲಿ ಮೊಗುಲ್ ಮತ್ತು ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 950 ಇದನ್ನು ಮಾನದಂಡವಾಗಿಸಿತು.

ಇದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. ಇನ್ನು ಮೇಲೆ ಬರೀ ವಿಳಾಸ ನೋಡಿದರೆ ಗಡಿ ತಿಳಿಯದು. ಪ್ರತಿ ಯಂತ್ರಕ್ಕೂ ಮಾಸ್ಕ್ ಪ್ರತ್ಯೇಕ ಹೇಳಿಕೊಡಬೇಕು. 192.168.1.10 ಯಂತ್ರಕ್ಕೆ 255.255.255.0 ಬದಲು 255.255.0.0 ಮಾಸ್ಕ್ ಕೊಟ್ಟರೆ, 192.168.2.20 ತನ್ನ ಪಕ್ಕದಲ್ಲೇ ಇದೆ ಅಂತ ಅದು ನಂಬುತ್ತದೆ. ರೌಟರ್ ಹತ್ತಿರ ಹೋಗೋದೇ ಇಲ್ಲ. ತನ್ನ ತಂತಿಯ ಮೇಲೆ ಎಆರ್‌ಪಿ ಕೂಗು ಹಾಕಿ ಕಾಯುತ್ತದೆ.

ಸಬ್‌ನೆಟ್ ತಿಳಿಯದ ಹಳೆಯ ಯಂತ್ರಗಳಿಗಾಗಿ 1987ರ ಆರ್‌ಎಫ್‌ಸಿ 1027 ಒಂದು ಉಪಾಯ ವಿವರಿಸಿತು: ಆ ಕೂಗಿಗೆ ರೌಟರೇ ಓಗೊಡುವುದು. ಇದೇ ಪ್ರಾಕ್ಸಿ ಎಆರ್‌ಪಿ. ಉಪಕಾರವೇನೋ ಹೌದು, ಆದರೆ ತಪ್ಪು ಮಾಸ್ಕನ್ನೂ ಇದು ಮುಚ್ಚಿಹಾಕುತ್ತದೆ. ಈ ಸೌಲಭ್ಯ ಇಲ್ಲದ ಹೊಸ ರೌಟರ್ ಬಂದ ದಿನ, ನಿನ್ನೆವರೆಗೆ ಸರಿಯಿದ್ದದ್ದು ನಿಲ್ಲುತ್ತದೆ. ಬೈಗುಳ ಮಾತ್ರ ಹೊಸ ರೌಟರಿಗೆ!

ಪಿಂಗ್ ಹುಟ್ಟಿದ್ದೂ ಇದೇ ಕಾಲದಲ್ಲಿ. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯ ಮೈಕ್ ಮಸ್, ನೆಟ್‌ವರ್ಕಿನ ವಿಚಿತ್ರ ವರ್ತನೆಯ ಕಾರಣ ಹುಡುಕಲು ಅದನ್ನು ಬರೆದರು. ಹೆಸರು ಸೋನಾರ್ ಸದ್ದಿನಿಂದ ಬಂತು. ಪ್ರತಿಧ್ವನಿ ಕೇಳಬೇಕಾದರೆ ಸದ್ದು ಹೋಗಲೂಬೇಕು, ಮರಳಲೂಬೇಕು. ಹಾಗಾಗಿ ಪಿಂಗ್ ಸೋತರೆ ಹೋಗುವ ದಾರಿ ಕೆಟ್ಟಿದೆ ಅಂತಲೇ ಅರ್ಥವಲ್ಲ.

ಚರ್ಚೆಯಲ್ಲಿ ಬಂದ ಪ್ರಶ್ನೆ: ಗೇಟ್‌ವೇ ಉತ್ತರ ಕೊಡ್ತದೆ, ಆಚೆಯ ಯಂತ್ರ ಕೊಡೋದಿಲ್ಲ. ಮೊದಲು ಏನು ನೋಡಬೇಕು?

ಉತ್ತರ: ಆಚೆಯ ಯಂತ್ರದಲ್ಲೇ ಪ್ಯಾಕೆಟ್ ಸೆರೆಹಿಡಿದು ನೋಡಿ. ಕೋರಿಕೆ ಅಲ್ಲಿಗೆ ಮುಟ್ಟಿದ್ದರೆ ಹೋಗುವ ದಾರಿ ಸರಿ. ಆ ಯಂತ್ರದ ಮಾಸ್ಕ್, ಗೇಟ್‌ವೇ, ಫೈರ್‌ವಾಲ್ ನೋಡಿ. ಮುಟ್ಟಿಲ್ಲವಾದರೆ ನಿಮ್ಮ ಯಂತ್ರದ ಮಾಸ್ಕ್, ಗೇಟ್‌ವೇ, ಆಮೇಲೆ ರೌಟರ್. ನಡುವೆ ಎರಡು ರೌಟರ್ ಇದ್ದರೆ, ನಿಮ್ಮ ಸಬ್‌ನೆಟ್‌ಗೆ ಮರಳುವ ದಾರಿ ಎರಡನೆಯದಕ್ಕೂ ಗೊತ್ತಿರಬೇಕು. ನಾವು ಸಾಮಾನ್ಯವಾಗಿ ಮರೆಯೋದು ಇದನ್ನೇ.