ನಾಯಿಗಳ ದೀರ್ಘಕಾಲೀನ ಕರುಳುಬೇನೆ

ಭೇದಿ, ವಾಂತಿ, ಊಟ ಸೇರದಿರುವುದು, ತೂಕ ಇಳಿಯುವುದು ಮುಂತಾದ ತೊಂದರೆಗಳು ನಾಯಿಯನ್ನು ಮೂರು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಸತತವಾಗಿಯೋ ಬಿಟ್ಟುಬಿಟ್ಟೋ ಕಾಡುತ್ತಿದ್ದು, ಹುಳು, ಸೋಂಕು, ಗಡ್ಡೆ, ಬೇರೆ ಅಂಗಗಳ ಕಾಯಿಲೆ ಇವು ಯಾವುವೂ ಕಾರಣವಲ್ಲವೆಂದು ಖಚಿತವಾದಾಗ ಆ ಸ್ಥಿತಿಯನ್ನು ದೀರ್ಘಕಾಲೀನ ಕರುಳುಬೇನೆ ಎನ್ನುತ್ತಾರೆ. ಪಶುವೈದ್ಯರ ಚೀಟಿಯಲ್ಲಿ ಇದು ಕ್ರಾನಿಕ್ ಎಂಟೆರೋಪತಿ. ಇದು ಒಂದೇ ರೋಗದ ಹೆಸರಲ್ಲ, ಒಂದೇ ಬಗೆಯಾಗಿ ಕಾಣುವ ಹಲವು ತೊಂದರೆಗಳ ಗುಂಪು. ಕಾರಣ ತಕ್ಷಣ ಸಿಗದಿದ್ದರೂ ಈ ಬೇನೆಗೆ ಪರಿಹಾರವಿದೆ. ತಪಾಸಣೆ ಮತ್ತು ಚಿಕಿತ್ಸೆಯನ್ನು ಕ್ರಮ ತಪ್ಪದೆ ನಡೆಸಿದರೆ ಹೆಚ್ಚಿನ ನಾಯಿಗಳು ಸುಧಾರಿಸುತ್ತವೆ, ಅವುಗಳಲ್ಲಿ ಬಹುಪಾಲಿಗೆ ಆಹಾರದ ಬದಲಾವಣೆಯಷ್ಟೇ ಸಾಕಾಗುತ್ತದೆ.

ಲಕ್ಷಣಗಳು

ತೊಂದರೆ ಕರುಳಿನ ಯಾವ ಭಾಗದಲ್ಲಿದೆ ಎಂಬುದಕ್ಕೆ ಮಲವೇ ಮೊದಲ ಸಾಕ್ಷಿ. ಸಣ್ಣ ಕರುಳು ಕೆಟ್ಟಿದ್ದರೆ ನಾಯಿ ದಿನಕ್ಕೆ ಎರಡು ಮೂರು ಬಾರಿಯಷ್ಟೇ ಹೋದರೂ ಪ್ರತಿ ಸಲ ಹೆಚ್ಚು ಪ್ರಮಾಣದ ತೆಳು ಮಲ ಹಾಕುತ್ತದೆ, ಮೈ ಇಳಿಯುತ್ತದೆ. ಹೊಟ್ಟೆಯಲ್ಲಿ ಗುಡುಗುಡು ಸದ್ದು, ಗ್ಯಾಸು ಜೊತೆಗಿರಬಹುದು. ಕರುಳಿನ ಮೇಲ್ಭಾಗದಲ್ಲಿ ರಕ್ತಸ್ರಾವವಾಗುತ್ತಿದ್ದರೆ ಮಲ ಡಾಂಬರಿನಂತೆ ಕಪ್ಪಾಗುತ್ತದೆ. ದೊಡ್ಡ ಕರುಳಿನ ತೊಂದರೆಯಲ್ಲಿ ನಾಯಿ ಮತ್ತೆ ಮತ್ತೆ ಹೊರಗೆ ಓಡುತ್ತದೆ, ಮುಕ್ಕರಿಸುತ್ತದೆ, ಪ್ರತಿ ಸಲ ಸ್ವಲ್ಪವೇ ಹಾಕುತ್ತದೆ. ಅದರಲ್ಲಿ ಲೋಳೆ ಇರುತ್ತದೆ, ಕೆಲವೊಮ್ಮೆ ಕೆಂಪು ರಕ್ತದ ಗೆರೆಗಳೂ ಕಾಣುತ್ತವೆ. ಇಂತಹ ನಾಯಿಯ ತೂಕ ಸಾಮಾನ್ಯವಾಗಿ ಅಷ್ಟಾಗಿ ಇಳಿಯುವುದಿಲ್ಲ.

ಹೊಟ್ಟೆನೋವಿದ್ದಾಗ ಕೆಲವು ನಾಯಿಗಳು ಮುಂಗಾಲುಗಳನ್ನು ಚಾಚಿ ಎದೆಯನ್ನು ನೆಲಕ್ಕೆ ಒತ್ತಿ, ಹಿಂಭಾಗವನ್ನು ಮೇಲೆತ್ತಿ ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತವೆ. ಆಟಕ್ಕೆ ಕರೆಯುವಾಗಲೂ ನಾಯಿ ಹೀಗೆಯೇ ಬಾಗುತ್ತದೆ, ಆದರೆ ಆಗ ಬಾಲ ಆಡುತ್ತಿರುತ್ತದೆ, ಮರುಕ್ಷಣವೇ ಜಿಗಿಯುತ್ತದೆ. ನೋವಿನಲ್ಲಿರುವ ನಾಯಿ ಕದಲುವುದಿಲ್ಲ. ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಹಳದಿ ಪಿತ್ತ ಮಾತ್ರ ಕಕ್ಕುವುದು ಇನ್ನೊಂದು ಬಗೆ. ರಾತ್ರಿ ಮಲಗುವ ಮುನ್ನ ಒಂದಿಷ್ಟು ಆಹಾರ ಕೊಟ್ಟರೆ ಇದು ಎಷ್ಟೋ ನಾಯಿಗಳಲ್ಲಿ ನಿಲ್ಲುತ್ತದೆ. ಹುಲ್ಲು ತಿನ್ನುವುದನ್ನು ಮಾತ್ರ ರೋಗಲಕ್ಷಣವೆಂದು ಎಣಿಸಬೇಕಿಲ್ಲ, ಆರೋಗ್ಯವಾಗಿರುವ ನಾಯಿಗಳೂ ಹುಲ್ಲು ಮೇಯುತ್ತವೆ.

ಮೊದಲು ನೋಡಬೇಕಾದ ಕಾರಣಗಳು

ಕರುಳಿನ ಪರೋಪಜೀವಿಗಳು ಪಟ್ಟಿಯಲ್ಲಿ ಮೊದಲು ಬರುತ್ತವೆ. ಬೆಚ್ಚಗಿನ ತೇವದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಚೆನ್ನಾಗಿ ಬದುಕುತ್ತವೆ. ಆದ್ದರಿಂದ ಕರಾವಳಿ, ಮಲೆನಾಡುಗಳಂತಹ ಮಳೆಯ ಸೀಮೆಗಳಲ್ಲಿ ಸಾಕುವವರು ಇದನ್ನು ಸದಾ ನೆನಪಿನಲ್ಲಿಡಬೇಕು. ಈ ಹುಳು ಸಣ್ಣ ಕರುಳಿನ ಗೋಡೆ ಕಚ್ಚಿ ರಕ್ತ ಹೀರುತ್ತದೆ. ಕೆಲವು ಮರಿಹುಳುಗಳು ದೊಡ್ಡ ನಾಯಿಯ ಸ್ನಾಯುಗಳಲ್ಲಿ ಸುಪ್ತವಾಗಿ ಉಳಿದು, ಔಷಧ ಕೊಟ್ಟ ಮೇಲೂ ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಂದು ಸೇರುತ್ತವೆ. ಒಮ್ಮೆ ಹುಳುವಿನ ಮಾತ್ರೆ ನುಂಗಿಸಿದೆವೆಂದು ಹುಳುವಿನ ಅನುಮಾನ ಬಿಡಲಾಗದು. ಚಾಟಿಹುಳು ದೊಡ್ಡ ಕರುಳಿನ ಆರಂಭದ ಭಾಗದಲ್ಲಿ ನೆಲೆಸುತ್ತದೆ. ಅದರ ಮೊಟ್ಟೆಗಳು ಪ್ರತಿದಿನ ಮಲದಲ್ಲಿ ಬರುವುದಿಲ್ಲ, ಮಣ್ಣಿಗೆ ಬಿದ್ದ ಮೊಟ್ಟೆಗಳು ವರ್ಷಗಟ್ಟಲೆ ಉಳಿಯುತ್ತವೆ. ಜಿಯಾರ್ಡಿಯಾ ಎಂಬ ಏಕಕೋಶ ಜೀವಿಯೂ ಹೀಗೆಯೇ ಒಂದು ದಿನ ಕಂಡು ಮತ್ತೊಂದು ದಿನ ಕಾಣಿಸದು. ಒಂದು ಮಾದರಿಯಲ್ಲಿ ಏನೂ ಸಿಗಲಿಲ್ಲವೆಂದರೆ ಹುಳುವಿಲ್ಲ ಎಂದಲ್ಲ, ಬೇರೆ ಬೇರೆ ದಿನಗಳ ಮೂರು ಮಾದರಿಗಳನ್ನಾದರೂ ನೋಡಿಸಬೇಕು. ನಾಯಿಯ ಕೊಕ್ಕೆಹುಳು ಬರಿಗಾಲಿನ ಮಕ್ಕಳ ಚರ್ಮಕ್ಕೂ ನುಗ್ಗಬಲ್ಲದು, ಹಾಗಾಗಿ ಈ ತಪಾಸಣೆ ಮನೆಮಂದಿಯ ಆರೋಗ್ಯಕ್ಕೂ ಸಂಬಂಧಿಸಿದ್ದು.

ನುಂಗಿದ ವಸ್ತು ಎರಡನೆಯ ಅನುಮಾನ. ಮಾವಿನ ಓಟೆ, ಬಟ್ಟೆಯ ಚೂರು, ಕಾಲುಚೀಲ, ಮೂಳೆ ಮುಂತಾದವು ಕರುಳನ್ನು ಪೂರ್ತಿ ಕಟ್ಟದೆ ಅರ್ಧ ಅಡ್ಡಗಟ್ಟಿದಾಗ ವಾಂತಿ ದಿನಗಟ್ಟಲೆ ಬಂದು ಹೋಗುತ್ತಿರುತ್ತದೆ.

ಮೂರನೆಯದು ಕರುಳಿನ ಹೊರಗಿನ ಕಾಯಿಲೆಗಳು. ಮೇದೋಜೀರಕ ಗ್ರಂಥಿ ಜೀರ್ಣರಸಗಳನ್ನು ಒದಗಿಸದೆ ಹೋದರೆ ನಾಯಿ ಹಸಿದು ಹಸಿದು ತಿಂದರೂ ಸೊರಗುತ್ತದೆ, ಮಲ ಜಿಡ್ಡಾಗಿ ರಾಶಿ ಬೀಳುತ್ತದೆ. ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಹೆಚ್ಚು. ಟಿಎಲ್‌ಐ ಎಂಬ ರಕ್ತಪರೀಕ್ಷೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ, ಊಟದೊಂದಿಗೆ ಕಿಣ್ವದ ಪುಡಿ ಬೆರೆಸುವುದು ಇದರ ಮುಖ್ಯ ಚಿಕಿತ್ಸೆ. ಅಡ್ರಿನಲ್ ಗ್ರಂಥಿ ಸೋಲುವ ಅಡಿಸನ್ ಕಾಯಿಲೆ ಮೋಸಗೊಳಿಸುವುದರಲ್ಲಿ ಇದಕ್ಕಿಂತ ಮುಂದು. ನಾಯಿ ಒಂದು ವಾರ ಗೆಲುವಾಗಿದ್ದು ಮತ್ತೊಂದು ವಾರ ವಾಂತಿ, ಭೇದಿ, ನಿತ್ರಾಣದಿಂದ ಕುಸಿಯುತ್ತದೆ, ಡ್ರಿಪ್ ಹಾಕಿದೊಡನೆ ಚೇತರಿಸಿಕೊಳ್ಳುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ಪ್ರಮಾಣ ಡೆಸಿಲೀಟರಿಗೆ 2 ಮೈಕ್ರೋಗ್ರಾಂಗಿಂತ ಹೆಚ್ಚಿದ್ದರೆ ಈ ಅನುಮಾನವನ್ನು ಬಹುಮಟ್ಟಿಗೆ ಬಿಡಬಹುದು. ಯಕೃತ್ತು ಮತ್ತು ಮೂತ್ರಪಿಂಡದ ಕಾಯಿಲೆಗಳೂ ಹೊಟ್ಟೆಯ ತೊಂದರೆಯಾಗಿಯೇ ಕಾಣಿಸಿಕೊಳ್ಳಬಲ್ಲವು.

ತಪಾಸಣೆಯ ಕ್ರಮ

ಮಲಪರೀಕ್ಷೆ, ರಕ್ತದ ಪೂರ್ಣ ಎಣಿಕೆ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ಅಲ್ಬುಮಿನ್, ಲವಣಾಂಶಗಳು, ಮೂತ್ರಪರೀಕ್ಷೆ ಇವು ಮೊದಲ ಸುತ್ತಿನವು. ಬಿ12 ಜೀವಸತ್ವದ ಮಟ್ಟ ನೋಡುವುದು ಮುಖ್ಯ. ಇದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೀರಲ್ಪಡುವುದರಿಂದ ಮಟ್ಟ ಇಳಿದಿದ್ದರೆ ಆ ಭಾಗ ಹಾಳಾಗಿರಬಹುದು, ಕೊರತೆ ತುಂಬದೆ ಬೇರೆ ಚಿಕಿತ್ಸೆಗಳು ಸರಿಯಾಗಿ ಹಿಡಿಯುವುದಿಲ್ಲ. ನಂತರ ಹೊಟ್ಟೆಯ ಅಲ್ಟ್ರಾಸೌಂಡ್. ಅದು ಗಡ್ಡೆ, ಅಡ್ಡಿ, ಕರುಳಿನ ಗೋಡೆಯ ದಪ್ಪ ಇವನ್ನು ತೋರಿಸುತ್ತದೆ.

ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಸಾಮಾನ್ಯವಾಗಿ ಕೊನೆಯ ಹೆಜ್ಜೆ. ಚೂರುಗಳನ್ನು ಎಲ್ಲ ಕಡೆ ಒಂದೇ ಅಳತೆಗೋಲಿನಲ್ಲಿ ಓದಲು ವಿಶ್ವ ಸಣ್ಣ ಪ್ರಾಣಿ ಪಶುವೈದ್ಯ ಸಂಘ 2008ರಲ್ಲಿ ಮಾನದಂಡ ಪ್ರಕಟಿಸಿತು. ಆದರೂ ಬಯಾಪ್ಸಿಯಲ್ಲಿ ಕಾಣುವ ಉರಿಯೂತ ನಾಯಿ ಯಾವ ಚಿಕಿತ್ಸೆಗೆ ಸ್ಪಂದಿಸೀತು ಎಂಬುದನ್ನು ಹೇಳಲಾರದು. ಆಹಾರದಿಂದ ಗುಣವಾಗುವ ಕರುಳೂ, ಪ್ರಬಲ ಔಷಧ ಬೇಡುವ ಕರುಳೂ ಸೂಕ್ಷ್ಮದರ್ಶಕದಡಿ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕಾಣುತ್ತವೆ. ಹಾಗಾಗಿ ನಾಯಿ ತೀರಾ ಬಳಲಿರದಿದ್ದರೆ ಬಯಾಪ್ಸಿಗೆ ಮುನ್ನ ಆಹಾರ ಬದಲಿಸಿ ನೋಡುವುದು ವಾಡಿಕೆ. ತಪಾಸಣೆ ಮುಗಿಯುವ ಮೊದಲೇ ಸ್ಟೆರಾಯ್ಡ್ ಕೊಟ್ಟರೆ ಕಾರ್ಟಿಸಾಲ್ ಪರೀಕ್ಷೆಯೂ ಬಯಾಪ್ಸಿಯೂ ದಾರಿ ತಪ್ಪಿಸುತ್ತವೆ. ಕರುಳಿನ ಲಿಂಫೋಮಾ ಕ್ಯಾನ್ಸರ್ ಸ್ಟೆರಾಯ್ಡಿಗೆ ಕೆಲಕಾಲ ತಗ್ಗಿ ಮರೆಯಾಗಿಬಿಡಬಹುದು.

ವರ್ಗೀಕರಣ

ಮನುಷ್ಯವೈದ್ಯದಿಂದ ಎರವಲು ಬಂದ ಐಬಿಡಿ ಎಂಬ ಹೆಸರು ಹಿಂದೆ ಬಳಕೆಯಲ್ಲಿತ್ತು. ಈಗ ನಾಯಿ ಯಾವುದಕ್ಕೆ ಸ್ಪಂದಿಸಿತು ಎಂಬುದನ್ನೇ ಆಧಾರವಾಗಿಟ್ಟು ಗುಂಪು ಮಾಡುತ್ತಾರೆ: ಆಹಾರಕ್ಕೆ ಸ್ಪಂದಿಸುವುದು, ಆಂಟಿಬಯಾಟಿಕ್‌ಗೆ ಸ್ಪಂದಿಸುವುದು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಕ್ಕೆ ಸ್ಪಂದಿಸುವುದು ಮತ್ತು ಯಾವುದಕ್ಕೂ ಸ್ಪಂದಿಸದಿರುವುದು. ಕರುಳಿನಿಂದ ಪ್ರೋಟೀನ್ ಸೋರಿಹೋಗುವ ಸ್ಥಿತಿಯನ್ನು ಪ್ರತ್ಯೇಕವಾಗಿ ಗುರುತಿಸುತ್ತಾರೆ. ತೀವ್ರತೆಯನ್ನು ಅಂಕಗಳಲ್ಲಿ ಅಳೆಯುವ ಪದ್ಧತಿಯನ್ನು 2003ರಲ್ಲಿ ಆಲ್ಬರ್ಟ್ ಜರ್ಗನ್ಸ್ ಮತ್ತು ಸಂಗಡಿಗರು ರೂಪಿಸಿದರು. 2007ರಲ್ಲಿ ಕರಿನ್ ಅಲೆನ್‌ಸ್ಪಾಕ್ ಮತ್ತು ಸಂಗಡಿಗರು ಅದಕ್ಕೆ ಅಲ್ಬುಮಿನ್, ಹೊಟ್ಟೆಯಲ್ಲಿ ನೀರು ತುಂಬುವುದು, ತುರಿಕೆ ಮುಂತಾದ ಅಂಶಗಳನ್ನು ಸೇರಿಸಿದರು.

ಕೆಲವು ತಳಿಗಳಿಗೆ ತಮ್ಮದೇ ಆದ ತೊಂದರೆಗಳಿವೆ. ಬಾಕ್ಸರ್‌ಗಳ ಒಂದು ಬಗೆಯ ದೊಡ್ಡ ಕರುಳಿನ ಉರಿಯೂತಕ್ಕೆ ಕರುಳಗೋಡೆಯೊಳಗೆ ಹೊಕ್ಕ ಇ. ಕೋಲಿ ಬ್ಯಾಕ್ಟೀರಿಯಾ ಕಾರಣ. ಐರಿಶ್ ಸೆಟರ್‌ಗಳಲ್ಲಿ ಗೋಧಿಯ ಗ್ಲೂಟೆನ್ ಒಗ್ಗದ ವಂಶಗಳಿವೆ. ಯಾರ್ಕ್‌ಶೈರ್ ಟೆರಿಯರ್‌ಗಳಲ್ಲಿ ಕರುಳಿನ ದುಗ್ಧನಾಳಗಳು ಉಬ್ಬಿ ಪ್ರೋಟೀನ್ ಸೋರುವುದು ಹೆಚ್ಚು. ಇಂತಹವಕ್ಕೆ ಕೊಬ್ಬು ತೀರಾ ಕಡಿಮೆ ಇರುವ ಆಹಾರವೇ ಮುಖ್ಯ ಮದ್ದು.

ಆಹಾರ ಪರೀಕ್ಷೆ

ನಾಯಿ ಹಿಂದೆಂದೂ ತಿನ್ನದ ಒಂದೇ ಪ್ರೋಟೀನ್ ಇರುವ ಆಹಾರ, ಇಲ್ಲವೆ ಪ್ರೋಟೀನನ್ನು ಸಣ್ಣ ತುಣುಕುಗಳಾಗಿ ಒಡೆದ ಹೈಡ್ರೊಲೈಸ್ಡ್ ಆಹಾರ ಕೊಟ್ಟು ನೋಡುವುದೇ ಆಹಾರ ಪರೀಕ್ಷೆ. ತುಣುಕುಗಳು ಅಷ್ಟು ಸಣ್ಣವಾದಾಗ ಕರುಳಿನ ರೋಗನಿರೋಧಕ ವ್ಯವಸ್ಥೆ ಅವನ್ನು ಗುರುತಿಸಿ ಕೆರಳುವುದಿಲ್ಲ. ಕರುಳಿನ ತೊಂದರೆಗೆ ಎರಡು ವಾರಗಳಲ್ಲಿ ಸಾಮಾನ್ಯವಾಗಿ ಫಲ ಕಾಣುತ್ತದೆ. ಚರ್ಮದ ಅಲರ್ಜಿಯೂ ಇದ್ದರೆ ಎಂಟು ವಾರ ಬೇಕು.

ಹೊಟ್ಟೆ ಕೆಟ್ಟಾಗ ಬೇಯಿಸಿದ ಕೋಳಿ, ಅನ್ನ, ಮೊಸರು ಕೊಡುವುದು ನಮ್ಮ ಮನೆಗಳ ರೂಢಿ. ಒಂದೆರಡು ದಿನದ ಭೇದಿಗೆ ಅದು ಸರಿಯೇ. ಆದರೆ ನಾಯಿಗಳ ಆಹಾರ ಅಲರ್ಜಿಯಲ್ಲಿ ಹೆಚ್ಚಾಗಿ ವರದಿಯಾಗಿರುವ ಪದಾರ್ಥಗಳು ದನದ ಮಾಂಸ, ಹಾಲಿನ ಉತ್ಪನ್ನ, ಕೋಳಿ ಮತ್ತು ಗೋಧಿ. ಕೋಳಿ ತಿಂದೇ ಬೆಳೆದ ನಾಯಿಗೆ ಕೋಳಿಯನ್ನೇ ಪಥ್ಯವಾಗಿ ಕೊಟ್ಟರೆ ಅನುಮಾನದ ವಸ್ತು ತಟ್ಟೆಯಲ್ಲಿಯೇ ಉಳಿಯುತ್ತದೆ.

ಪರೀಕ್ಷೆಯ ಅವಧಿಯಲ್ಲಿ ಬೇರೇನೂ ಬಾಯಿಗೆ ಹೋಗಕೂಡದು. ಚಹಾದ ಜೊತೆಗಿನ ಬಿಸ್ಕತ್ತು, ಮಕ್ಕಳ ತಟ್ಟೆಯ ಉಳಿಕೆ, ಪಕ್ಕದ ಮನೆಯವರು ಪ್ರೀತಿಯಿಂದ ಹಾಕುವ ಚಪಾತಿ, ಮಾಂಸದ ರುಚಿ ಬೆರೆಸಿದ ಹುಳುವಿನ ಮಾತ್ರೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮನೆಯಲ್ಲಿ ಎಲ್ಲರೂ ಒಪ್ಪಿದ ಮೇಲೆಯೇ ಪರೀಕ್ಷೆ ಶುರುಮಾಡುವುದು ಲೇಸು. ಮೊದಲ ಆಹಾರಕ್ಕೆ ಜಗ್ಗದಿದ್ದರೆ ಬೇರೆ ಬಗೆಯ ಇನ್ನೊಂದನ್ನು ನೋಡಬೇಕು, ಎರಡನೆಯದಕ್ಕೆ ಸುಧಾರಿಸುವ ನಾಯಿಗಳೂ ಇವೆ. ಗುಣ ಕಂಡ ಮೇಲೆ ಹಳೆಯ ಆಹಾರ ಕೊಟ್ಟಾಗ ತೊಂದರೆ ಮರುಕಳಿಸಿದರೆ ಕಾರಣ ಖಚಿತ. ದೊಡ್ಡ ಕರುಳಿನ ಭೇದಿಗೆ ಇಸಬ್‌ಗೋಲಿನಂತಹ ಕರಗುವ ನಾರು ಸೇರಿಸುವುದರಿಂದಲೂ ಅನೇಕ ನಾಯಿಗಳಿಗೆ ಅನುಕೂಲವಾಗಿದೆ.

ಔಷಧ ಚಿಕಿತ್ಸೆ

ಮೆಟ್ರೊನಿಡಜೋಲ್, ಟೈಲೋಸಿನ್ ಮೊದಲಾದ ಆಂಟಿಬಯಾಟಿಕ್‌ಗಳು ಭೇದಿಯನ್ನು ಬೇಗ ನಿಲ್ಲಿಸುವುದರಿಂದ ಅವನ್ನು ಮೊದಲೇ ಬರೆಯುವ ಅಭ್ಯಾಸ ಬಹುಕಾಲ ಇತ್ತು. ನಿಲ್ಲಿಸಿದ ಮೇಲೆ ಭೇದಿ ಮರಳುವುದೇ ಹೆಚ್ಚು. ಆರೋಗ್ಯವಂತ ನಾಯಿಗಳಿಗೆ ಮೆಟ್ರೊನಿಡಜೋಲ್ ಕೊಟ್ಟಾಗಲೂ ಕರುಳಿನ ಬ್ಯಾಕ್ಟೀರಿಯಾ ಸಮುದಾಯ ವಾರಗಟ್ಟಲೆ ಏರುಪೇರಾಗುತ್ತದೆ, ಪಿತ್ತಾಮ್ಲಗಳನ್ನು ಪರಿವರ್ತಿಸುವ ಉಪಯುಕ್ತ ಬ್ಯಾಕ್ಟೀರಿಯಾಗಳು ಕುಗ್ಗುತ್ತವೆ. ಆದ್ದರಿಂದ ಈಗ ಆಂಟಿಬಯಾಟಿಕ್‌ಗಳನ್ನು ಹಿಂದಿನ ಸಾಲಿಗೆ ಸರಿಸಲಾಗಿದೆ.

ಆಹಾರದಿಂದ ಗುಣ ಕಾಣದ ನಾಯಿಗಳಿಗೆ ಪ್ರೆಡ್ನಿಸೊಲೋನ್ ಅಥವಾ ಬುಡೆಸೊನೈಡ್, ಸಾಲದಿದ್ದರೆ ಸೈಕ್ಲೋಸ್ಪೋರಿನ್, ಕ್ಲೋರಾಂಬುಸಿಲ್‌ನಂತಹ ಔಷಧಗಳನ್ನು ಬಳಸುತ್ತಾರೆ. ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವ ನಾಯಿಗೆ ಬಾಯಾರಿಕೆ, ಹಸಿವು, ಮೂತ್ರ ಹೆಚ್ಚುವುದು ಸಹಜ. ಅದನ್ನು ಹಠಾತ್ತನೆ ನಿಲ್ಲಿಸುವುದು ಅಪಾಯ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಬಿ12 ಕೊರತೆಗೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಆರು ಚುಚ್ಚುಮದ್ದು, ಒಂದು ತಿಂಗಳ ನಂತರ ಮತ್ತೊಂದು ಕೊಡುತ್ತಾರೆ. ಮಾತ್ರೆಯ ರೂಪದಲ್ಲೂ ಕೊಡಬಹುದು.

ಮನೆಯ ಆರೈಕೆ

ಸಾಕುವವರ ಕೈಯಲ್ಲಿರುವ ಬಲವಾದ ಸಾಧನ ದಿನಚರಿ. ಪ್ರತಿದಿನದ ಆಹಾರ, ಮಲದ ಸ್ವರೂಪ, ವಾಂತಿಯ ಸಮಯ, ಕೊಟ್ಟ ಔಷಧ ಇವನ್ನು ಒಂದೆರಡು ಸಾಲಿನಲ್ಲಿ ಬರೆದಿಡಬೇಕು. ಮಲವನ್ನು 1ರಿಂದ 7ರ ಅಂಕಪಟ್ಟಿಯಲ್ಲಿ ಗುರುತಿಸುವ ರೂಢಿಯಿದೆ: 1 ಎಂದರೆ ಕಲ್ಲಿನಂತೆ ಗಟ್ಟಿ, 7 ಎಂದರೆ ನೀರು, 2 ಅಥವಾ 3 ಆರೋಗ್ಯಕರ. ವಾರಕ್ಕೊಮ್ಮೆ ತೂಕ ನೋಡಬೇಕು. ಮುಧೋಳದಂತಹ ಹುಟ್ಟಾ ತೆಳ್ಳಗಿನ ತಳಿಗಳಲ್ಲಿ ಕಣ್ಣಂದಾಜು ಸಾಲದು. ಸಣ್ಣ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ತಮ್ಮ ತೂಕ ಕಳೆದರೆ ಸಾಕು. ಒಮ್ಮೆಗೆ ಒಂದೇ ಬದಲಾವಣೆ ಮಾಡಬೇಕು. ಆಹಾರ, ಪ್ರೋಬಯಾಟಿಕ್, ಮಾತ್ರೆ ಮೂರನ್ನೂ ಒಂದೇ ದಿನ ಶುರುಮಾಡಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಮನುಷ್ಯರ ಔಷಧಗಳನ್ನು ಕೊಡಬಾರದು. ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ. ಭೇದಿ ಕಟ್ಟುವ ಲೋಪೆರಮೈಡ್ ಕೋಲಿಯಂತಹ ತಳಿಗಳ ಮೆದುಳಿಗೆ ವಿಷವಾಗಬಹುದು.

ತಡಮಾಡಬಾರದ ಸಂದರ್ಭಗಳು

ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಹೊರಬರದಿರುವುದು, ವಸಡು ಬಿಳಿಚಿಕೊಳ್ಳುವುದು, ಕಪ್ಪು ಮಲ ಅಥವಾ ಧಾರಾಳ ರಕ್ತ, ನೀರೂ ನಿಲ್ಲದ ವಾಂತಿ, ಎದ್ದು ನಿಲ್ಲಲಾರದ ನಿತ್ರಾಣ, ಹೊಟ್ಟೆಯಲ್ಲಿ ನೀರು ತುಂಬುವುದು, ಲಸಿಕೆಯಾಗದ ಮರಿಗೆ ರಕ್ತಭೇದಿ ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯಬೇಕು.

ಮುನ್ನೋಟ

ಆಹಾರಕ್ಕೆ ಸ್ಪಂದಿಸುವ ನಾಯಿಗಳ ಮುನ್ನೋಟ ಚೆನ್ನಾಗಿದೆ, ಹಲವು ನಾಯಿಗಳು ವರ್ಷಗಟ್ಟಲೆ ಔಷಧವಿಲ್ಲದೆ ಬಾಳುತ್ತವೆ. ಅಲ್ಬುಮಿನ್ ಡೆಸಿಲೀಟರಿಗೆ 2 ಗ್ರಾಂಗಿಂತ ಇಳಿದಿರುವುದು, ಬಿ12 ಕೊರತೆ, ತೀವ್ರ ತೂಕನಷ್ಟ ಇವು ಕಠಿಣ ಹಾದಿಯ ಸೂಚನೆಗಳು. ಪ್ರೋಟೀನ್ ಸೋರುವ ನಾಯಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇರುತ್ತದೆ. ಪೂರ್ತಿ ವಾಸಿಯಾಗದ ನಾಯಿಗಳಲ್ಲೂ ತೊಂದರೆಯನ್ನು ಹತೋಟಿಯಲ್ಲಿಟ್ಟು ನೆಮ್ಮದಿಯ ಬದುಕು ಕೊಡುವುದು ಸಾಧ್ಯ. ಒಂದು ವಾರಕ್ಕೆ ಫಲ ಕಾಣಲಿಲ್ಲವೆಂದು ವೈದ್ಯರನ್ನೂ ಔಷಧವನ್ನೂ ಬದಲಿಸುತ್ತ ಹೋದರೆ ಪ್ರತಿ ಸಲವೂ ತಪಾಸಣೆ ಮೊದಲಿನಿಂದ ಶುರುವಾಗುತ್ತದೆ, ಅಷ್ಟೂ ದಿನ ನಾಯಿ ನರಳುತ್ತದೆ. ನಾಯಿಯನ್ನು ಸಾಕುವವರು ಒಬ್ಬ ಪಶುವೈದ್ಯರನ್ನು ನಂಬಿ, ದಿನಚರಿಯನ್ನು ಅವರ ಮುಂದಿಟ್ಟು, ಆಹಾರ ಪರೀಕ್ಷೆಯನ್ನು ಒಮ್ಮೆಯಾದರೂ ಕಟ್ಟುನಿಟ್ಟಾಗಿ ಮುಗಿಸಬೇಕು.