ಪದ ಪರಿಚಯ: ಕ್ಯೂರಿಂಗ್

ನಮ್ಮ ಮೇಸ್ತ್ರಿಗಳು ‘ಕ್ಯೂರಿಂಗ್ ಮಾಡಿ’ ಎಂದರೆ ನೀರು ಹಾಕಿ ಎಂದರ್ಥ. ಮೂಲ ಲ್ಯಾಟಿನ್‌ನ ‘ಕೂರಾ’, ಅಂದರೆ ಆರೈಕೆ. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದ ಪದ. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ಸಿಮೆಂಟು ನೀರಿನೊಂದಿಗೆ ಕೂಡಿಯೇ ಗಟ್ಟಿಯಾಗುವುದು. ಆಗ ಬಿಸಿ ಹುಟ್ಟುತ್ತದೆ.

ಸೇತುವೆಯ ಪೈಲ್‌ಗಳಲ್ಲಿ, ಅಂದರೆ ನೆಲದೊಳಗೆ ಎರಕ ಹೊಯ್ದ ಅಡಿಪಾಯದ ಕಂಬಗಳಲ್ಲಿ, ಎರಕ ಸರಿಯಾಗಿದೆಯೇ ಎಂಬುದಕ್ಕೆ ಈ ಬಿಸಿಯೇ ಸಾಕ್ಷಿ. ನೆಲದಡಿಯ ಎರಕವನ್ನು ಕಣ್ಣಿಂದ ನೋಡುವಂತಿಲ್ಲ, ಒಡೆದು ನೋಡುವಂತೆಯೂ ಇಲ್ಲ. ಅದಕ್ಕೇ ಕಬ್ಬಿಣದ ಪಂಜರದ ಉದ್ದಕ್ಕೂ ತಾಪಮಾಪಕಗಳ ತಂತಿ ಕಟ್ಟಿ ಎರಕ ಹೊಯ್ಯುತ್ತಾರೆ. ಒಂದು ಆಳದಲ್ಲಿ ಸುತ್ತಲೂ ಬಿಸಿ ಕಡಿಮೆಯಿದ್ದರೆ ಅಲ್ಲಿ ಪೈಲ್ ಸಪೂರವಾಗಿದೆ, ಇಲ್ಲವೇ ಮಣ್ಣು ಸೇರಿದೆ ಎಂಬ ಅನುಮಾನ. ಒಂದು ಬದಿ ತಂಪಾಗಿ ಎದುರು ಬದಿ ಬಿಸಿಯಾಗಿದ್ದರೆ ಪಂಜರವೇ ಪಕ್ಕಕ್ಕೆ ಸರಿದಿದೆ. ಏಕೆಂದರೆ ಪೈಲ್‌ನ ನಡುಭಾಗದಲ್ಲಿ ಬಿಸಿ ಹೆಚ್ಚು, ಅಂಚಿನಲ್ಲಿ ಕಡಿಮೆ. ಪೈಲ್‌ಗೆ ಮಾಡುವ ಇನ್ನೊಂದು ಪರೀಕ್ಷೆ, ಶಬ್ದತರಂಗದ್ದು, ಪಂಜರದ ಒಳಗನ್ನಷ್ಟೇ ತೋರಿಸುತ್ತದೆ. ಬಿಸಿಯಾದರೋ ಪಂಜರದ ಹೊರಗಿನ ಕವರಿಂಗ್, ಅಂದರೆ ಕಾಂಕ್ರೀಟಿನ ಹೊದಿಕೆ, ಬಗ್ಗೆಯೂ ಹೇಳುತ್ತದೆ. ಕಬ್ಬಿಣವನ್ನು ತುಕ್ಕಿನಿಂದ ಕಾಯುವುದು ಆ ಕವರಿಂಗೇ.

ಅಮೆರಿಕದ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಬೆಳೆದ ಈ ವಿಧಾನಕ್ಕೆ 2014ರಲ್ಲಿ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಎಎಸ್‌ಟಿಎಂನ ಮಾನದಂಡ ಬಂತು. ಪೈಲ್ ಹಾಕಿಸುವವರು ಎರಕಕ್ಕೆ ಮೊದಲೇ ಈ ಪರೀಕ್ಷೆ ಬೇಕೆಂದು ಕೇಳಿಕೊಳ್ಳಿ; ಬಿಸಿ ಆರಿದ ಮೇಲೆ ಇದು ಸಾಧ್ಯವಿಲ್ಲ.